ಸೊನ್ನೆ ರೂಪಾಯಿಯ ಕೊಟೇಶನ್

ಪುಕ್ಕಟೆ ಸಿಗುವ ಒಂದು ವಸ್ತುವನ್ನು ಪುಕ್ಕಟೆಯಾಗಿ ತೆಗೆದುಕೊಳ್ಳುವುದಕ್ಕೆ ಇಷ್ಟು ಹೆಣಗಬೇಕಾಗುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ನೀಡಲ್‌ವರ್ಕ್ ಕಲಿಸಿದರು, ಟೇಬಲ್ ಮ್ಯಾನರ್ಸ್ ಕಲಿಸಿದರು, ಉದ್ದನೆಯ ಪ್ಯಾಸೇಜನ್ನು ಹಿಂಡಿ ನಾಲ್ಕು ಸಾಲಿನ ಪ್ರೆಸಿ ಮಾಡುವುದನ್ನು ಕಲಿಸಿದರು. ಮೂರು ಕೊಟೇಶನ್ ಇಲ್ಲದೆ ದೇವರ ಕೃಪೆಯನ್ನೂ ಸ್ವೀಕರಿಸುವಂತಿಲ್ಲ ಎಂಬುದನ್ನು ಮಾತ್ರ ಶಿಕಾರಿಪುರದಲ್ಲಿ, ನಮ್ಮ ಟ್ರಸ್ಟಿನ ಕಮಿಟಿ ಮೀಟಿಂಗಿನಲ್ಲಿ ಕಲಿತೆ. ಅದೂ ತಲೆಯೆಲ್ಲ ಬೆಳ್ಳಗಾದ ಮೇಲೆ.

ನಮ್ಮದು ಸಣ್ಣ ಟ್ರಸ್ಟು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಪಂಪ್‌ಸೆಟ್ ಅಂಗಡಿಯ ಮಾಳಿಗೆಯ ಮೇಲೆ ಎರಡು ಕೋಣೆ. ಕಣ್ಣು ಕಾಣದ ಮಕ್ಕಳಿಗೆ ಪಾಠದ ಪುಸ್ತಕವನ್ನು ಫೋನಿನಲ್ಲಿ ಓದಿ ಕೇಳಿಸುವುದು ನಮ್ಮ ಕೆಲಸ. ಮಗು ಒಂದು ನಂಬರಿಗೆ ಫೋನ್ ಮಾಡುತ್ತದೆ. ಇಂಥ ಪಾಠಕ್ಕೆ ಇಂಥ ಗುಂಡಿ, ಮತ್ತೆ ಕೇಳಬೇಕಾದರೆ ಇನ್ನೊಂದು ಗುಂಡಿ. ಫೋನ್ ಎತ್ತುವುದು, ಗುಂಡಿಯ ಮಾತು ಕೇಳುವುದು, ಸರಿಯಾದ ಪಾಠ ಹುಡುಕಿ ಕೇಳಿಸುವುದು, ಎಲ್ಲ ಒಂದು ಹಳೆಯ ಕಂಪ್ಯೂಟರಿನದೇ. ಶಿಕಾರಿಪುರ, ಸೊರಬ, ಎರಡೂ ತಾಲ್ಲೂಕಿನ ಮಕ್ಕಳು ಅದನ್ನೇ ನೆಚ್ಚಿಕೊಂಡಿದ್ದರು.

ಇಂಗ್ಲಿಷ್ ಪಾಠಗಳನ್ನೆಲ್ಲ ಓದಿದವಳು ನಾನು. ಹಿಸ್ಟರಿ ಓದಿದವಳು ನನ್ನ ಗೆಳತಿ. ಪಾತ್ರೆಗೆ ಕಲಾಯಿ ಹಾಕುವವರ ಮನೆಯ ಮಗಳು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿದ್ದಷ್ಟು ಕಾಲವೂ ಅವಳು ಅಲ್ಲೇ ಹಿಸ್ಟರಿ ಮೇಡಂ. ರಿಟೈರ್ ಆದ ಮೇಲೆ ಇಬ್ಬರೂ ಆ ಮಾಳಿಗೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನ್ ಆರಿಸಿ, ಬೆವರುತ್ತ ಕೂತು ಓದಿದೆವು. ಕೆಳಗಿನ ಅಂಗಡಿಯವನು ಮೋಟಾರ್ ಚಾಲೂ ಮಾಡಿ ತೋರಿಸಿದಾಗಲೆಲ್ಲ ಅವಳು ನಿಲ್ಲಿಸಿ, ಕಂಬಳಿ ಸರಿಸಿ, ಕಿಟಕಿಯಿಂದ ಬಗ್ಗಿ, “ಏನಪಾ, ಕದಂಬರ ಕಾಲದಾಗೆ ಪಂಪ್‌ಸೆಟ್ ಇತ್ತೇನು?” ಎಂದು ಕೂಗುತ್ತಿದ್ದಳು. ಕದಂಬರ ಪಾಠದ ನಡುವೆ ಒಂದು ಕಡೆ ಅವಳಿಗೆ ಕೆಮ್ಮು ಬಂದು, “ತಡೀರಿ ಮಕ್ಳಾ, ಒಂದ್ ಗುಟುಕು ನೀರು ಕುಡೀತೀನಿ” ಎಂದಿದ್ದಾಳೆ. ಅಳಿಸಿಬಿಡೋಣ ಎಂದೆ. “ಇರಲಿ ಬಿಡೆ, ಕೇಳೋ ಮಕ್ಳಿಗೂ ಗಂಟಲು ಒಣಗಿರತ್ತೆ” ಎಂದಳು. ಅವಳೀಗ ಇಲ್ಲ. ಓದಿದ್ದು ಇತ್ತು.

ಇತ್ತು, ಆಯುಧ ಪೂಜೆಯ ತನಕ.

ಪ್ರತಿ ವರ್ಷ ಆ ಮೆಷಿನ್ನಿಗೆ, ಅದು ಓಡುತ್ತಿದ್ದಂತೆಯೇ, ಕುಂಕುಮ ಹಚ್ಚಿ ಹೂವಿಟ್ಟು ಕೈಮುಗಿಯುತ್ತಿದ್ದೆವು. ಈ ಸಲ ಹೊಸ ಅಧ್ಯಕ್ಷರು ಬಂದಿದ್ದರು. ಶಾಸ್ತ್ರ ಬಲ್ಲವರು. “ಆಯುಧಕ್ಕೆ ಒಂದಿನಾನೂ ವಿಶ್ರಾಂತಿ ಕೊಡದಿದ್ರೆ ಅದೆಂಥ ಪೂಜೆ ಮೇಡಂ? ಆಫ್ ಮಾಡಿಸ್ರಿ” ಎಂದರು. ಹಾಕಿದಂದಿನಿಂದ ಓಡುತ್ತಲೇ ಇದ್ದ ಮುದಿ ಮೆಷಿನ್. ಅದರೊಳಗಿನ ಡಿಸ್ಕು ತಿರುಗುವ ಅಭ್ಯಾಸದ ಮೇಲೆಯೇ ಬದುಕಿತ್ತು ಎಂದು ಆಮೇಲೆ ತಿಳಿಯಿತು. ವಿಜಯದಶಮಿಯ ದಿನ ಸ್ವಿಚ್ ಒತ್ತಿದರೆ ಟಿಕ್ ಟಿಕ್ ಎಂದಿತು, ಅಷ್ಟೇ. ಚೆಂಡುಹೂವಿನ ಹಾರ ಹಾಕಿಕೊಂಡೇ ಸತ್ತಿತ್ತು.

ದುರಸ್ತಿಗೆ ಸೊರಬದಿಂದ ನನ್ನ ಹಳೆಯ ವಿದ್ಯಾರ್ಥಿಯನ್ನು ಕರೆಸಿದೆ. ಅಲ್ಲಿಯ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ, ಸಿಸಿಟಿವಿ, ರೀಚಾರ್ಜು ಎಲ್ಲ ಇರುವ ಅಂಗಡಿ ಅವನದು. ಇಂಗ್ಲಿಷಿನಲ್ಲಿ ಎಂದೂ ಪಾಸಾಗದವನು, ಬಾಯಿ ಮಾತ್ರ ಫಸ್ಟ್ ಕ್ಲಾಸ್. ಹಳೆಯ ಮೆಷಿನ್ ಇನ್ನು ಏಳುವುದಿಲ್ಲ, ಅದಕ್ಕೆ ಹೊಂದುವ ಡಿಸ್ಕೂ ಈಗ ಸಿಗುವುದಿಲ್ಲ ಎಂದ. ಪಾಠಗಳ ಪ್ರತಿ, ಪಾಠ ಹುಡುಕುವ ಪ್ರೋಗ್ರಾಮಿನ ಪ್ರತಿ, ಎರಡೂ ಬೇರೆ ಡಿಸ್ಕಿನಲ್ಲಿ ಭದ್ರವಾಗಿದ್ದವು. ಪಾಠಗಳೇನೋ ಸಾವಿರಾರು ಚಿಕ್ಕ ತುಂಡುಗಳಾಗಿ, ಬರೀ ನಂಬರ್ ಹೊತ್ತು ಕೂತಿದ್ದವು. ಯಾವುದರ ಹಿಂದೆ ಯಾವುದು ಎಂದು ಗೊತ್ತಿದ್ದದ್ದು ಆ ಪ್ರೋಗ್ರಾಮಿಗೆ ಮಾತ್ರ. ದಾರ ಕಿತ್ತ ಸರದ ಮಣಿಗಳಂತೆ.

ಅದೃಷ್ಟಕ್ಕೆ ಬೆಂಗಳೂರಿನ ಒಂದು ಆಫೀಸಿನವರು ತಾವು ಬಳಸಿ ಬಿಟ್ಟ ಸರ್ವರನ್ನು ನಮಗೆ ದಾನ ಕೊಟ್ಟಿದ್ದರು. ಏನು ಮಾಡಬೇಕೆಂದು ತಿಳಿಯದೆ ಅದಕ್ಕೆ ಗೋಣಿತಾಟು ಹೊದಿಸಿ ಮೂಲೆಯಲ್ಲಿ ಕೂರಿಸಿದ್ದೆವು.

“ಇದ್ರಾಗೆ ಹಾಕಿಬಿಡಪ್ಪ ಹಂಗಾದ್ರೆ” ಎಂದೆ.

“ಹಂಗೆಲ್ಲ ಹಾಕಕ್ಕೆ ಬರಲ್ಲ ಮೇಡಮ್ಮೋರೇ. ಆ ಹಳೇ ಪ್ರೋಗ್ರಾಮು ಹೊಸಾ ಮನೆಗೆ ಬಂದ ಮುದುಕಿ ಇದ್ದಂಗೆ. ಗ್ಯಾಸ್ ಮುಟ್ಟಲ್ಲ, ಸೌದೆ ಒಲೇನೇ ಬೇಕು ಅಂತದೆ. ಎಂತ ಮಾಡೂದು? ಹೊಸಾ ಮನೆ ಒಳಗೇ ಅವಳಿಗೊಂದು ಹಳೇ ಅಡುಗೆಮನೆ ಕಟ್ಟಿಕೊಡೂದು. ಅವಳಿಗೆ ಗೊತ್ತೇ ಆಗಲ್ಲ, ತಾನು ಹಳೇ ಮನೇಲೇ ಇದೀನಿ ಅಂದ್ಕಂತಾಳೆ. ಇದಕ್ಕೇ ವರ್ಚುವಲೈಸೇಶನ್ ಅನ್ನೂದು.”

“ಮುದುಕಿ ಅಂತ ಯಾರ ಮುಖ ನೋಡ್ಕೊಂಡು ಹೇಳ್ತಿದೀಯ?”

“ಮೆಷಿನ್ ಮುಖ ಮಾರಾಯ್ರೇ! ಇನ್ನೂ ಕೇಳಿ, ಅಕೌಂಟ್ಸಿನ ಕಂಪ್ಯೂಟರು, ಮಕ್ಕಳ ವಿವರದ ಕಂಪ್ಯೂಟರು, ಅವೂ ಇವತ್ತೋ ನಾಳೆಯೋ ಅಂತಿದಾವೆ. ಅವನ್ನೂ ಇದರೊಳಗೇ ಕೂರ್ಸಬಹುದು. ಸೂರು ಒಂದೇ, ಒಲೆ ಮೂರು. ಒಬ್ಬರ ಜಗಳ ಇನ್ನೊಬ್ಬರಿಗೆ ತಾಗಲ್ಲ.”

ಒಂದೇ ಯಂತ್ರದೊಳಗೆ ಹಲವು ಯಂತ್ರಗಳನ್ನು ಸಾಕುವ ಇಂಥ ಸಾಫ್ಟ್‌ವೇರಿನಲ್ಲಿ ದೊಡ್ಡ ಕಂಪನಿಗಳದ್ದೂ ಉಂಟು, ಜಗತ್ತಿನ ಎಷ್ಟೋ ಜನ ಸೇರಿ ಬರೆದು ಪುಕ್ಕಟೆ ಬಿಟ್ಟದ್ದೂ ಉಂಟು, ನಮ್ಮ ಕೆಲಸಕ್ಕೆ ಪುಕ್ಕಟೆಯದೇ ಧಾರಾಳ ಎಂದ. ಸೊರಬದ ಒಂದು ಕಾಲೇಜಿಗೆ ತಾನೇ ಅದನ್ನು ಹಾಕಿಕೊಟ್ಟಿದ್ದನಂತೆ. ನಾನು ಹೋಗಿ ನೋಡಿ ಬಂದೆ. ಕರೆಂಟು ಹೋಗಿ ಬಂದರೂ ತನ್ನಷ್ಟಕ್ಕೆ ಏಳುತ್ತಿತ್ತು. ಕೆಲಸ ಮುಗಿಯಿತು ಅಂದುಕೊಂಡೆ. ಎಂಥ ಇನೊಸೆಂಟ್ ಹೆಂಗಸು ನಾನು!

ಈ ನಡುವೆ ಸೊರಬ ತಾಲ್ಲೂಕಿನ ಜಡೆ ಎಂಬ ಊರಿನಿಂದ ಒಂದು ಹುಡುಗಿಯ ಫೋನು ಶುರುವಾಯಿತು. ಸೆಕೆಂಡ್ ಪಿಯುಸಿ, ಹುಟ್ಟಿನಿಂದ ಕಣ್ಣಿಲ್ಲ, ನಾಲಿಗೆ ಮಾತ್ರ ಬಲು ಚುರುಕು. ನಮ್ಮ ಲೈನು ಸತ್ತ ಮರುದಿನವೇ ನನ್ನ ನಂಬರು ಎಲ್ಲಿಂದಲೋ ಹುಡುಕಿ ತೆಗೆದಿದ್ದಳು.

“ಇಂಗ್ಲಿಷ್ ಅಜ್ಜಿಯನ? ನಾನು ಜಡೆಯಿಂದ. ನಿಮ್ಮ ಫೋನ್ ಲೈನ್ ಎಂತಾಯ್ತು ಅಜ್ಜಿ? ಹಿಸ್ಟರಿ ಅಜ್ಜಿ ಎಲ್ಲಿ ಹೋದ್ರು?”

ಏನು ಹೇಳಲಿ? ಮೆಷಿನ್ ಕೆಟ್ಟಿದೆ, ಬೇಗ ಸರಿಯಾಗುತ್ತದೆ ಎಂದೆ. ಅಲ್ಲಿಯ ತನಕ ನಾನೇ ಫೋನಿನಲ್ಲಿ ಹಿಸ್ಟರಿ ಓದುತ್ತೇನೆ ಎಂದು ಕೂತೆ. ಎರಡು ಪುಟ ಓದುವುದರೊಳಗೆ ತಡೆದಳು.

“ಬೇಜಾರು ಮಾಡ್ಕಬೇಡಿ ಅಜ್ಜಿ. ನೀವು ಓದಿದ್ರೆ ಯುದ್ಧನೂ ಪೊಯೆಮ್ ಥರ ಕೇಳ್ತದೆ. ಯಾರು ಗೆದ್ರು ಅಂತ್ಲೇ ಗೊತ್ತಾಗಲ್ಲ. ಹಿಸ್ಟರಿ ಅಜ್ಜಿ ಹಂಗಲ್ಲ, ಅವರು ಬೈದ್ಹಂಗೆ ಓದ್ತಾರೆ. ತಲೇಲಿ ಕೂರ್ತದೆ.”

ಅವಳು ಒಂದೊಂದು ಪಾಠವನ್ನು ಹತ್ತಾರು ಸಲ ಹಿಂದಕ್ಕೆ ಮುಂದಕ್ಕೆ ಮಾಡಿ ಕೇಳುವವಳು. ಮನೆಯಲ್ಲಿ ಓದಿ ಹೇಳುವವರಿಲ್ಲ. ಅಪ್ಪ ಅಮ್ಮ ಬೆಳಿಗ್ಗೆಯೇ ಕುರಿ ಹೊಡೆದುಕೊಂಡು ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ಹಿಸ್ಟರಿಯಲ್ಲಿ ಪಾಸಾದರೆ ಬಿ.ಎ.ಗೆ ಕಳಿಸುತ್ತೇವೆ, ಇಲ್ಲದಿದ್ದರೆ ಸಾಕು ಎಂದು ಮನೆಯಲ್ಲಿ ಮಾತಾಗಿತ್ತು. ಅವಳೇ ಹೇಳಿದಳು, ಇಂದು ಮಳೆ ಬರಬಹುದು ಎನ್ನುವಷ್ಟು ಹಗುರಾಗಿ. ಆಮೇಲೆ ಪ್ರತಿ ಸಲವೂ ಫೋನಿಟ್ಟ ಮೇಲೆ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಪಾಠ ಇದೆ, ಓದಿದವಳ ದನಿ ಇದೆ, ಸರ್ವರ್ ಇದೆ, ಸಾಫ್ಟ್‌ವೇರ್ ಬಿಟ್ಟಿ ಇದೆ. ಇಲ್ಲದಿರುವುದು ಏನು?

ಇಲ್ಲದಿರುವುದು ಕೊಟೇಶನ್.

ನಮ್ಮ ಖಜಾಂಚಿ ಮಾರ್ಕೆಟ್ ಯಾರ್ಡಿನ ಮೆಕ್ಕೆಜೋಳದ ವ್ಯಾಪಾರಿ. ಕೆಟ್ಟವರಲ್ಲ, ಮಕ್ಕಳ ಬಸ್ ಪಾಸಿಗೆ ತಮ್ಮ ಜೇಬಿನಿಂದ ಎಷ್ಟೋ ಸಲ ಕೊಟ್ಟವರು. ಆದರೆ ಯಾರ್ಡಿನಲ್ಲಿ ಟೆಂಡರ್ ಚೀಟಿ ಬೀಳದೆ ಒಂದು ಚೀಲವೂ ಅಲುಗುವುದಿಲ್ಲ ನೋಡಿ, ಆ ನಿಯಮವೇ ಅವರಿಗೆ ಭಗವದ್ಗೀತೆ. ಏನೇ ತರುವುದಿದ್ದರೂ ಮೂರು ಬೇರೆ ಬೇರೆ ಅಂಗಡಿಯವರು ದರ ಬರೆದುಕೊಟ್ಟ ಮೂರು ಕೊಟೇಶನ್ ಮೇಜಿನ ಮೇಲೆ ಇರಬೇಕು. ನಾನು ಈ ವಿಷಯ ಎತ್ತಿದ ಮೀಟಿಂಗಿನಲ್ಲಿ ಮೂರು ಇದ್ದವು. ಶಿವಮೊಗ್ಗದ ಒಬ್ಬ ಏಜೆಂಟ್ ತಂದಿದ್ದ, ದೊಡ್ಡ ಕಂಪನಿಯ ಸಾಫ್ಟ್‌ವೇರಿನದು. ಒಂದು ಅವನ ಹೆಸರಿನಲ್ಲಿ, ಒಂದು ಅವನ ಭಾವನ ಹೆಸರಿನಲ್ಲಿ, ಇನ್ನೊಂದು ಅವನ ಹೆಂಡತಿಯ ಹೆಸರಿನಲ್ಲಿ.

“ಇವು ಮೂರೂ ಒಂದೇ ಮನೆಯಿಂದ ಬಂದದ್ದಲ್ಲವೇನ್ರೀ?” ಎಂದೆ.

“ಅದು ಹಂಗೇ ಇರತೈತಿ ಮೇಡಂ” ಎಂದರು ಖಜಾಂಚಿ, ಮಗುವಿಗೆ ಹೇಳುವಂತೆ. “ಸಪೋರ್ಟಿಂಗ್ ಕೊಟೇಶನ್ ಅಂತಾರ ಅದಕ್ಕ. ಫೈಲ್ ಸರಿ ಇರಬೇಕಲ್ರೀ.”

“ನಾನು ಹೇಳೋದು ಪುಕ್ಕಟೆ ಸಿಗತ್ತೆ ಕಣ್ರೀ. ದುಡ್ಡೇ ಬೇಡ.”

“ಪುಕ್ಕಟೆ ಸಿಗೋದು ಈ ಊರಾಗ ಎರಡೇ. ಗಾಳಿ, ಇನ್ನೊಂದು ನಿಮ್ಮಂಥೋರ ಉಪದೇಶ.” ಎಲ್ಲರೂ ನಕ್ಕರು. “ಅಲ್ರೀ, ನಾಳೆ ಕೆಟ್ಟರ ಯಾರ ಕುತ್ತಿಗಿ ಹಿಡೀಬೇಕು? ಕೊಟೇಶನ್ ಎಲ್ಲೈತಿ? ಚೀಟಿ ಇಲ್ಲದ ಮಾಲಿಗೆ ನಾ ಕೈ ಹಾಕಂಗಿಲ್ಲ.”

“ಬೆಲೆನೇ ಇಲ್ಲದ್ದಕ್ಕೆ ಕೊಟೇಶನ್ ಎಲ್ಲಿಂದ ತರಲಿ?”

“ಸೊನ್ನೆ ಅಂತ ಬರೆಸ್ಕೊಂಡು ಬರ್ರಿ, ನಡೀತೈತಿ. ಆದರ ಮೂರು ಬೇಕು.”

ಒಂದೇ ಮನೆಯಿಂದ ಬಂದ ಮೂರು ಸುಳ್ಳು ರೆಗ್ಯುಲರ್. ಒಂದು ನಿಜ ಇರ್ರೆಗ್ಯುಲರ್! ಶಿಯರ್ ನಾನ್‌ಸೆನ್ಸ್ ಎಂದು ಎಲ್ಲರಿಗೂ ಕೇಳುವಂತೆಯೇ ಹೇಳಿದೆ. ಅಧ್ಯಕ್ಷರು ಮುಂದಿನ ಮೀಟಿಂಗಿಗೆ ಮುಂದೂಡಿದರು. ಮುಂದಿನ ಮೀಟಿಂಗು ಮುಂದಿನ ತಿಂಗಳು. ಆ ತಿಂಗಳು ಯಾರದೋ ಮನೆಯ ಗೃಹಪ್ರವೇಶ ಅಡ್ಡ ಬಂದು ಮೀಟಿಂಗೇ ಆಗಲಿಲ್ಲ. ಹುಡುಗಿ ಮಾತ್ರ ಫೋನ್ ಮಾಡುತ್ತಲೇ ಇದ್ದಳು.

ಸೊರಬದ ಬಸ್ಸು ಹತ್ತಿದೆ. ನನ್ನ ವಿದ್ಯಾರ್ಥಿ ಅಂಗಡಿಯಲ್ಲೇ ಇದ್ದ. ಸೊನ್ನೆ ರೂಪಾಯಿಯ ಒಂದು ಕೊಟೇಶನ್ ಬರೆದುಕೊಡು ಎಂದದ್ದೇ ತಡ, ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

“ಬೇರೆ ಎಂತಾದ್ರೂ ಕೇಳಿ ಮೇಡಮ್ಮೋರೇ. ನನ್ನ ಅಂಗಡಿ ಹೆಸರು ಹಾಕಿ, ಸೀಲ್ ಹೊಡೆದು, ಕೆಳಗೆ ಸೊನ್ನೆ ಅಂತ ಬರೆದ್ರೆ ನಾಳೆ ಊರವರೆಲ್ಲ ಅದನ್ನೇ ಹಿಡ್ಕಂಡು ಬರ್ತಾರೆ. ಟ್ರಸ್ಟಿಗೆ ಸೊನ್ನೆ, ನಮಗೆ ಮಾತ್ರ ಎಂತಕ್ಕೆ ದುಡ್ಡು ಅಂತಾರೆ.”

“ಹಾಕಿಕೊಡೋ ನಿನ್ನ ಕೂಲಿ ಬರಿ, ಸಾಫ್ಟ್‌ವೇರಿಗೆ ಸೊನ್ನೆ ಹಾಕು.”

“ಕೂಲಿ ಬರೆದ್ರೆ ಅದು ಲೇಬರ್ ಕೊಟೇಶನ್ ಆಗ್ತದಂತೆ. ಅದಕ್ಕೆ ಬೇರೆ ಮೂರು ಬೇಕಂತೆ. ನನ್ನ ಕೂಲಿ ಎಂತಾಯ್ತು ಅಂತ ನಿಮ್ಮ ಖಜಾಂಚಿಗೆ ಮೊನ್ನೆ ನಾನೇ ಫೋನ್ ಮಾಡಿ ಕೇಳಿದ್ದೆ.” ನಕ್ಕ. ಆಮೇಲೆ ದನಿ ಇಳಿಸಿ, “ಒಂದು ಕೆಲಸ ಮಾಡೂದಾ? ನಾನೇ ಮೂರು ಬೇರೆ ಬೇರೆ ಹೆಸರಲ್ಲಿ ಪ್ರಿಂಟ್ ಹೊಡೀತೀನಿ. ಎಲ್ಲದಕ್ಕೂ ಸೊನ್ನೆ. ಯಾರಿಗೆ ಗೊತ್ತಾಗ್ತದೆ?”

ಆ ಏಜೆಂಟ್ ಮಾಡಿದ್ದನ್ನೇ ನಾನೂ ಮಾಡುವುದು! ನಿಜವನ್ನು ಒಳಗೆ ತರಲು ಮೂರು ಸುಳ್ಳಿನ ಗಾಡಿ ಕಟ್ಟುವುದು! ಸಿಸ್ಟರುಗಳು ಗೋರಿಯಿಂದ ಎದ್ದು ಬಂದು ಸ್ಕೇಲಿನಲ್ಲಿ ಹೊಡೆಯುತ್ತಿದ್ದರು. ಬೇಡ ಎಂದು ಛತ್ರಿ ತೆಗೆದುಕೊಂಡು ಹೊರಟೆ. ಬಸ್ಸಿನಲ್ಲಿ ಕೂತಾಗ, ಆ ಗೆಳತಿ ಬದುಕಿದ್ದರೆ ಈ ಕಮಿಟಿಯನ್ನು ಒಂದೇ ಮಾತಿನಲ್ಲಿ ಕೂರಿಸುತ್ತಿದ್ದಳು ಅನ್ನಿಸಿತು. ನನಗೆ ಸಿಟ್ಟು ಬಂದರೆ ಇಂಗ್ಲಿಷ್ ಬರುತ್ತದೆ. ಅವಳಿಗೆ ಸರಿಯಾದ ಮಾತು ಬರುತ್ತಿತ್ತು.

ಮನೆಗೆ ಬಂದು ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಏಜೆಂಟ್ ಕೊಟೇಶನ್ ಜೊತೆ ಇಟ್ಟಿದ್ದ ಲೈಸೆನ್ಸಿನ ಷರತ್ತುಗಳನ್ನು ತೆಗೆದು ಓದಲು ಕೂತೆ. ದಪ್ಪ ಕಟ್ಟು, ಸಣ್ಣ ಅಕ್ಷರ. ಕಮಿಟಿಯಲ್ಲಿ ಯಾರೂ ಅದನ್ನು ಓದಿರಲಿಲ್ಲ, ಏಜೆಂಟೂ ಓದಿರಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ಪೆನ್ಸಿಲ್ ಹಿಡಿದು ಪ್ರೆಸಿ ಮಾಡಿದೆ. ಓದುತ್ತ ಓದುತ್ತ ಕಾಫಿ ಆರಿತು, ನನ್ನ ತಲೆ ಬಿಸಿಯಾಯಿತು.

ಮೊದಲು ಈ ಸಾಫ್ಟ್‌ವೇರನ್ನು ಒಮ್ಮೆ ಕೊಂಡರೆ ಎಂದೆಂದಿಗೂ ನಮ್ಮದಾಗುತ್ತಿತ್ತಂತೆ, ಈಗ ಆ ಬಾಬತ್ತೇ ತೆಗೆದಿದ್ದಾರೆ. ವರ್ಷ ವರ್ಷ ಬಾಡಿಗೆ ಕಟ್ಟುತ್ತಿರಬೇಕು. ಅದೂ ನಮ್ಮ ಸರ್ವರ್ ಎಷ್ಟು ಸಣ್ಣದು ಎಂದು ನೋಡುವುದಿಲ್ಲ. ಕಡಿಮೆ ಎಂದರೆ ಇಷ್ಟು ದೊಡ್ಡ ಸರ್ವರಿನ ಲೆಕ್ಕದಲ್ಲಿ ಕೊಡತಕ್ಕದ್ದು. ಒಂದು ಇಡ್ಲಿ ತಿಂದವಳಿಂದ ಪಂಕ್ತಿಯ ಊಟದ ಹಣ ಕೇಳಿದಂತೆ. ನಮ್ಮಂಥ ಸಂಸ್ಥೆಗಳಿಗೆ ರಿಯಾಯಿತಿ ಇದೆ, ಮೊದಲ ವರ್ಷಕ್ಕೆ ಮಾತ್ರ. ಆಮೇಲೆ ಪೂರ್ತಿ. ಮಕ್ಕಳಿಗೆ ಬಸ್ ಪಾಸು ಕೊಡಲು ಪರದಾಡುವ ಟ್ರಸ್ಟನ್ನು ಒಳಗೆ ಕರೆದು ಚಿಲಕ ಹಾಕುವ ಉಪಾಯ. ಹೌ ಡೇರ್ ದೇ! ಇನ್ನು ಕುತ್ತಿಗೆಯ ವಿಷಯ. ಸಾಫ್ಟ್‌ವೇರ್ ಕೆಟ್ಟು ಏನೇ ನಷ್ಟವಾದರೂ ಕಂಪನಿ ಜವಾಬ್ದಾರಿಯಲ್ಲ ಎಂದು ಒಂದು ಇಡೀ ಪುಟ, ದಪ್ಪ ಅಕ್ಷರದಲ್ಲಿ. ಖಜಾಂಚಿಯವರು ಹಿಡಿಯಬೇಕೆಂದಿದ್ದ ಕುತ್ತಿಗೆ ಅಲ್ಲಿ ಇರಲೇ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಮೀಟಿಂಗ್ ಕೂಡಿತು. ಪರೀಕ್ಷೆ ಹತ್ತಿರ ಬಂದಿದೆ, ಜಡೆಯ ಹುಡುಗಿಯ ಓದು ನಿಂತಿದೆ ಎಂದೆ. ಖಜಾಂಚಿಗೂ ಮನಸ್ಸು ಕರಗಿತು. ಕರಗಿದ ಮನಸ್ಸಿನಿಂದ ಅವರು ಕೊಟ್ಟ ಪರಿಹಾರ ಕೇಳಿ:

“ಏಜೆಂಟ್ ಟ್ರಯಲ್ ಹಾಕಿಕೊಡ್ತೀನಿ ಅಂದಾನ. ಎರಡು ತಿಂಗಳು ದುಡ್ಡಿಲ್ಲ. ಹುಡುಗಿ ಪರೀಕ್ಷೆ ಮುಗೀಲಿ, ಆಮ್ಯಾಲೆ ಬಿಲ್ಲಿನ ಮಾತು. ಟ್ರಯಲ್ಲಿಗೆ ಕೊಟೇಶನ್ ಬೇಡ.”

ಎಲ್ಲರೂ ತಲೆಯಾಡಿಸಿದರು. ನಾನು ನನ್ನ ಪ್ರೆಸಿ ತೆಗೆದೆ.

“ಎರಡು ತಿಂಗಳು ಮುಗಿದ ಮೇಲೆ ಏನಾಗತ್ತೆ ಅಂತ ಬರೆದಿದಾರೆ, ಓದ್ತೀನಿ ಕೇಳಿ. ಓಡ್ತಾ ಇದ್ದದ್ದು ಓಡತ್ತೆ. ಒಂದು ಸಲ ನಿಂತರೆ ಮತ್ತೆ ಚಾಲೂ ಆಗಲ್ಲ, ದುಡ್ಡು ಕಟ್ಟೋ ತನಕ. ಇವತ್ತು ಹಾಕಿದ್ರೆ ಮುಗಿಯೋದು ಸರಿಯಾಗಿ ಪರೀಕ್ಷೆ ನಡುವೆ. ಆ ಹೊತ್ತಲ್ಲಿ ನಮ್ಮೂರಲ್ಲಿ ಕರೆಂಟು ಹೋಗೋದೇ ಇಲ್ವೇನ್ರೀ?”

ಕೆಳಗಿನ ಅಂಗಡಿಯಲ್ಲಿ ಮೋಟಾರೊಂದು ಗುರ್ ಎಂದು ನಿಂತಿತು. ಅಧ್ಯಕ್ಷರು ಮೇಲಿನ ಫ್ಯಾನ್ ನೋಡಿದರು. ಆಯುಧ ಪೂಜೆ ಎಲ್ಲರಿಗೂ ಒಟ್ಟಿಗೇ ನೆನಪಾಗಿರಬೇಕು.

ಆಗ ನನಗೆ ಹೊಳೆಯಿತು. ದಾರಿಯನ್ನು ಖಜಾಂಚಿಯವರೇ ಈಗಷ್ಟೇ ಹೇಳಿದ್ದರು.

“ಟ್ರಯಲ್ಲಿಗೆ ಕೊಟೇಶನ್ ಬೇಡ ಅಂದ್ರಲ್ಲ?”

“ಬೇಡ.”

“ಯಾರ ಟ್ರಯಲ್ಲಿಗೂ ಬೇಡ?”

“ಟ್ರಯಲ್ ಅಂದರ ಟ್ರಯಲ್ರೀ. ಜೋಳ ತಗೊಳ್ಳೋ ಮುಂಚೆ ನಾಲ್ಕು ಕಾಳು ಕೈಯಾಗೆ ಹಾಕ್ಕೊಂಡು ನೋಡ್ತೀವಲ್ಲ, ಹಂಗ.”

“ಹಾಗಾದ್ರೆ ನನ್ನ ಪುಕ್ಕಟೆ ಸಾಫ್ಟ್‌ವೇರಿಂದೂ ಒಂದು ಟ್ರಯಲ್ ಇದೆ. ಬರ್ಕೊಳ್ಳಿ.”

ಖಜಾಂಚಿಗೆ ತಿಳಿಯಿತು. ವ್ಯಾಪಾರಿ ಅಲ್ಲವೇ, ತಡವಾಗಲಿಲ್ಲ. ಮೀಸೆಯಲ್ಲೇ ನಕ್ಕರು.

“ನಿಮ್ಮದು ಎಷ್ಟು ದಿನದ ಟ್ರಯಲ್ ಮೇಡಂ?”

“ನಾನಿರೋ ತನಕ.”

“ಆಮ್ಯಾಲೆ?”

“ಆಮೇಲೆ ನಿಮಗೆ ಬೇಕಾದಷ್ಟು ಕೊಟೇಶನ್ ತರಿಸ್ಕೊಳ್ಳಿ.”

ಸೊರಬದವನು ಮರುದಿನವೇ ಬಂದ. ಗೋಣಿತಾಟು ತೆಗೆದು, ಧೂಳು ಊದಿ, ಮಧ್ಯಾಹ್ನದ ಊಟಕ್ಕೂ ಏಳದೆ ಕೂತ. ಕೂಲಿ ನಾನೇ ಕೊಟ್ಟೆ. ಅದಕ್ಕೆ ಯಾರ ಕೊಟೇಶನ್ನೂ ಕೇಳಲಿಲ್ಲ. ಅವನು ಲೈನ್ ಟೆಸ್ಟ್ ಮಾಡಿ ಎಂದಾಗ ನನ್ನ ಫೋನಿನಿಂದಲೇ ಆ ನಂಬರು ಒತ್ತಿ, ಹಿಸ್ಟರಿಯ ಗುಂಡಿ ಒತ್ತಿದೆ. ಕಿವಿಯ ಬುಡದಲ್ಲೇ ಅವಳ ದನಿ, ಬೈದ ಹಾಗೆ. ಕದಂಬರ ಪಾಠ. ಕೆಮ್ಮು ಬಂತು. “ತಡೀರಿ ಮಕ್ಳಾ.” ನಾನು ತಡೆದೆ. ನೀರಿನ ಲೋಟ ಕೆಳಗಿಟ್ಟ ಸದ್ದು ಕೂಡ ಹಾಗೇ ಇತ್ತು.

“ಎಂತ ಮೇಡಮ್ಮೋರೇ, ದನಿ ಸರಿ ಇಲ್ಲನ?” ಎಂದು ಅವನು ಕೇಳಿದ. ಸರಿ ಇದೆ ಎಂದು ಕೈ ಮಾಡಿದೆ.

ಇಷ್ಟೆಲ್ಲ ಆದ ಮೇಲೂ ಕಮಿಟಿಯವರ ಬುದ್ಧಿ ನೋಡಿ. ಪ್ರತಿ ತಿಂಗಳ ಅಜೆಂಡಾದಲ್ಲಿ ಇವತ್ತಿಗೂ ‘ಟ್ರಯಲ್ ಮುಂದುವರಿಕೆ’ ಎಂದು ಒಂದು ವಿಷಯ ಇರುತ್ತದೆ. ಪ್ರತಿ ತಿಂಗಳೂ ಖಜಾಂಚಿ ನನ್ನ ಮುಖ ನೋಡಿ, “ಟ್ರಯಲ್ ಇನ್ನೂ ಗಟ್ಟಿ ಐತಿ” ಎನ್ನುತ್ತಾರೆ. ಮೂರು ತಾಲ್ಲೂಕು ಆಚೆಯ ಇಂಥದೇ ಒಂದು ಸಂಸ್ಥೆಗೆ ಆ ಏಜೆಂಟ್ ತನ್ನ ಬಾಡಿಗೆಯ ಸರಕನ್ನು ಮಾರಿದನಂತೆ, ಮೂರು ಕೊಟೇಶನ್ ಸಮೇತ. ಆ ಫೈಲು ಸರಿ ಇರುತ್ತದೆ. ಅಲ್ಲಿಯ ಮಕ್ಕಳ ಬಸ್ ಪಾಸು ಯಾವ ಫೈಲಿನಲ್ಲಿ ಕರಗುತ್ತದೋ ಯಾರು ಕೇಳಬೇಕು? ನೆನೆದರೆ ಈಗಲೂ ಮೈ ಉರಿಯುತ್ತದೆ.

ಹಿಸ್ಟರಿ ಪರೀಕ್ಷೆಯ ಸಂಜೆ ಜಡೆಯ ಹುಡುಗಿ ಫೋನ್ ಮಾಡಿದಳು. ಅವಳು ಹೇಳಿದ್ದನ್ನು ಬರೆಯಲು ಪಕ್ಕದಲ್ಲಿ ಒಬ್ಬ ಹೆಣ್ಣುಮಗಳನ್ನು ಕೂರಿಸಿದ್ದರಂತೆ.

“ಕದಂಬರದ್ದೇ ಬಂದಿತ್ತು ಅಜ್ಜಿ, ದೊಡ್ಡ ಪ್ರಶ್ನೆ. ಹಿಸ್ಟರಿ ಅಜ್ಜಿ ಹೇಳಿದ್ದು ಹಂಗೇ ಹೇಳ್ತಾ ಹೋದೆ. ನಡುವೆ ಸುಮ್ನಾದೆ. ಆ ಅಕ್ಕ ‘ಯಾಕೆ, ಮರ್ತು ಹೋಯ್ತನ?’ ಅಂದ್ರು.”

“ಮರೆತಿದ್ಯಾ?”

“ಇಲ್ಲಪ್ಪ. ‘ಇಲ್ಲಿ ನೀರು ಕುಡೀಬೇಕು, ಒಂಚೂರು ತಡೀರಿ’ ಅಂದೆ. ಕುಡಿದು ಆದ ಮೇಲೆ ಮುಂದಿಂದು ತಾನೇ ಬಂತು.”